ಗಿಡ್ಡರೆಕ್ಕೆ ದುಂಬಿಗಳು: ಫೋಟೋದಿಂದ ಎಷ್ಟು ತಿಳಿಯುತ್ತದೆ, ಹುಳುವಿನಿಂದ ಎಷ್ಟು?

ಮುಂಗಾರು ಹಿಡಿದು ತೋಟದ ನೆಲ ಒದ್ದೆಯಾಯಿತೆಂದರೆ ರಾತ್ರಿ ದೀಪಕ್ಕೆ ಬಗೆಬಗೆಯ ಹುಳುಗಳು ಮುತ್ತುವುದು ಮಲೆನಾಡಿನಲ್ಲೂ ಕರಾವಳಿಯಲ್ಲೂ ಎಲ್ಲರಿಗೂ ತಿಳಿದ ಸಂಗತಿ. ಇವುಗಳ ನಡುವೆ ಇರುವೆಯಂತೆ ಚುರುಕಾಗಿ ಓಡುವ, ತಡೆದರೆ ಚೇಳಿನಂತೆ ಹಿಂಭಾಗವನ್ನು ಮೇಲಕ್ಕೆತ್ತುವ, ಉದ್ದನೆಯ ಸಣ್ಣ ಹುಳುವೊಂದು ಇರುತ್ತದೆ. ಇದೇ ಬಳಗದ ಹುಳುಗಳು ಹಗಲು ಹೊತ್ತು ಗೊಬ್ಬರದ ಗುಂಡಿ, ಕಾಫಿ ಹಣ್ಣಿನ ಸಿಪ್ಪೆಯ ರಾಶಿ, ಅಡಿಕೆ ಮರದ ಬುಡಕ್ಕೆ ಹಾಸಿದ ಸೊಪ್ಪು, ಬಸಿಗಾಲುವೆಯ ಅಂಚು ಇಲ್ಲೆಲ್ಲ ಕಾಣಸಿಗುತ್ತವೆ.

ಇದು ಯಾವ ಹುಳು, ಬೆಳೆಗೆ ತೊಂದರೆ ಕೊಡುವುದೇ, ಯಾವ ಮದ್ದು ಹೊಡೆಯಬೇಕು ಎಂದು ಬೆಳೆಗಾರರು ಕೇಳುವುದು ಸಹಜ. ಈಗ ಎಲ್ಲರ ಕಿಸೆಯಲ್ಲೂ ಮೊಬೈಲ್ ಫೋನು ಇರುವುದರಿಂದ ಪ್ರಶ್ನೆಯ ಜೊತೆಗೆ ಒಂದು ಫೋಟೋ ಕೂಡ ಬರುತ್ತದೆ. ಆದರೆ ಆ ಒಂದು ಫೋಟೋ ನೋಡಿ ಹುಳುವಿನ ಪೂರ್ತಿ ಹೆಸರು ಹೇಳುವುದು ಹೆಚ್ಚಿನ ಸಂದರ್ಭಗಳಲ್ಲಿ ಸಾಧ್ಯವಾಗುವುದಿಲ್ಲ. ಹೀಗಿದ್ದರೂ ಬೆಳೆಗಾರನಿಗೆ ಕೂಡಲೇ ಬೇಕಾದ ಉತ್ತರ ಸಿಗಲು ಪೂರ್ತಿ ಹೆಸರಿನ ಅಗತ್ಯವಿರುವುದಿಲ್ಲ. ಯಾವ ಪ್ರಶ್ನೆಗೆ ಫೋಟೋ ಸಾಕು, ಯಾವುದಕ್ಕೆ ಹುಳುವೇ ಬೇಕು ಎಂಬುದನ್ನು ತಿಳಿದಿದ್ದರೆ ಎರಡು ನಷ್ಟಗಳನ್ನು ತಪ್ಪಿಸಬಹುದು. ಮೊದಲನೆಯದು, ಮೈಮೇಲೆ ಬೊಬ್ಬೆ ಎಬ್ಬಿಸುವ ಹುಳುವನ್ನು ತಿಳಿಯದೆ ಹೊಸಕಿ ನೋವು ತಿನ್ನುವುದು. ಎರಡನೆಯದು, ಬೆಳೆಗೆ ಹಾನಿ ಮಾಡದ, ಬಹುಪಾಲು ಉಪಕಾರಿಯೇ ಆದ ಹುಳುಗಳಿಗೆ ಹಣ ಖರ್ಚು ಮಾಡಿ ವಿಷ ಹೊಡೆಯುವುದು.

ಯಾವ ಬಳಗದ ಹುಳು?

ಇಂಗ್ಲಿಷಿನಲ್ಲಿ ರೋವ್ ಬೀಟಲ್ ಎಂದೂ ಕೀಟಶಾಸ್ತ್ರದಲ್ಲಿ ಸ್ಟ್ಯಾಫಿಲಿನಿಡೇ ಎಂದೂ ಕರೆಯುವ ಕುಟುಂಬ ಇದು. ನೋಡಲು ಹೇಗೇ ಇದ್ದರೂ ಇವು ದುಂಬಿಗಳೇ. ಈ ಲೇಖನದಲ್ಲಿ ಅವುಗಳನ್ನು ಗಿಡ್ಡರೆಕ್ಕೆ ದುಂಬಿ ಎಂದು ಕರೆಯೋಣ. ಲೋಕದಲ್ಲಿ ಇದುವರೆಗೆ ಹೆಸರಿಟ್ಟಿರುವ ಇವುಗಳ ಪ್ರಭೇದಗಳು 60,000ಕ್ಕೂ ಮಿಕ್ಕಿವೆ.

ಕುಲ ಮತ್ತು ಪ್ರಭೇದ ಎಂಬ ಎರಡು ಮಾತುಗಳು ಮುಂದೆ ಪದೇ ಪದೇ ಬರುತ್ತವೆ. ಕಾಫಿ ಬೆಳೆಗಾರರಿಗೆ ಇದನ್ನು ಹೇಳುವುದು ಸುಲಭ. ಕಾಫಿಯಾ ಎಂಬುದು ಕುಲದ ಹೆಸರು. ಅರೇಬಿಕಾ ಒಂದು ಪ್ರಭೇದ, ನಾವು ರೊಬಸ್ಟಾ ಎನ್ನುವ ಕನೆಫೊರಾ ಇನ್ನೊಂದು ಪ್ರಭೇದ. ಗಿಡ ನೋಡಿ ಕಾಫಿ ಎಂದು ಹೇಳುವುದು ಕುಲ ಗುರುತಿಸಿದಂತೆ, ಅರೇಬಿಕಾ ಎನ್ನುವುದು ಪ್ರಭೇದ ಗುರುತಿಸಿದಂತೆ. ದುಂಬಿಗಳ ವಿಷಯದಲ್ಲೂ ಮೊದಲು ಕುಟುಂಬ, ಆಮೇಲೆ ಕುಲ, ಕೊನೆಗೆ ಪ್ರಭೇದ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು.

ಸಾಮಾನ್ಯ ದುಂಬಿಯ ಮುಂದಿನ ಎರಡು ರೆಕ್ಕೆಗಳು ಗಟ್ಟಿ ಚಿಪ್ಪಾಗಿ ಬೆನ್ನನ್ನೆಲ್ಲ ಮುಚ್ಚಿರುತ್ತವೆ. ಗಿಡ್ಡರೆಕ್ಕೆ ದುಂಬಿಯಲ್ಲಿ ಈ ಚಿಪ್ಪುಗಳು ಗಿಡ್ಡ ರವಿಕೆಯಂತೆ ಮೇಲಿನ ಭಾಗವನ್ನಷ್ಟೇ ಮುಚ್ಚುತ್ತವೆ. ಹೊಟ್ಟೆಯ ಐದಾರು ಉಂಗುರಗಳು ಹೊರಗೆ ಕಾಣುತ್ತವೆ. ಹೊಟ್ಟೆ ಬಿಗಿಯಾಗಿರದೆ ಮೇಲೆ ಕೆಳಗೆ ಸುಲಭವಾಗಿ ಬಾಗುತ್ತದೆ. ಚಿಪ್ಪು ಗಿಡ್ಡವೆಂದು ಇವುಗಳಿಗೆ ಹಾರಲು ಬರುವುದಿಲ್ಲ ಎಂದುಕೊಳ್ಳಬಾರದು. ಚಿಪ್ಪಿನ ಕೆಳಗೆ ಉದ್ದನೆಯ ತೆಳುರೆಕ್ಕೆಗಳನ್ನು ಹಲವು ಮಡಿಕೆ ಮಾಡಿ ಇಟ್ಟುಕೊಂಡಿರುತ್ತವೆ. ಎಡ ಬಲ ರೆಕ್ಕೆಗಳು ಬೇರೆ ಬೇರೆ ರೀತಿಯಲ್ಲಿ ಮಡಿಸಿಕೊಳ್ಳುವುದನ್ನು ಜಪಾನಿನ ಸಂಶೋಧಕರು ಅತಿವೇಗದ ಕ್ಯಾಮರಾದಿಂದ ಚಿತ್ರಿಸಿ 2014ರಲ್ಲಿ ಪ್ರಕಟಿಸಿದರು. ಇಳಿದ ಮೇಲೆ ರೆಕ್ಕೆಯನ್ನು ಒಳಕ್ಕೆ ತಳ್ಳಲು ಅವು ಹೊಟ್ಟೆಯನ್ನೇ ಕೈಯಂತೆ ಬಳಸುತ್ತವೆ.

ಇವುಗಳಲ್ಲಿ ಬಹುಪಾಲು ಬೇಟೆಗಾರರು. ನುಸಿ, ನೊಣದ ಮರಿಹುಳು, ಸಣ್ಣ ಕೀಟಗಳ ಮೊಟ್ಟೆ ಇವೇ ಆಹಾರ. ಇನ್ನು ಕೆಲವು ಅಣಬೆ, ಪಾಚಿ, ಪರಾಗ, ಕೊಳೆತ ವಸ್ತು ತಿಂದು ಬದುಕುತ್ತವೆ. ಗೆದ್ದಲು ಮತ್ತು ಇರುವೆಯ ಗೂಡಿನಲ್ಲಿ ಬಾಳುವವೂ ಉಂಟು. ಬೆಳೆ ತಿನ್ನುವವು ಅತಿ ವಿರಳ.

ಮೋಸಗೊಳಿಸುವ ಹೋಲಿಕೆಗಳು

ಗಿಡ್ಡರೆಕ್ಕೆ ದುಂಬಿ ಹೌದೋ ಅಲ್ಲವೋ ಎಂಬ ಮೊದಲ ಮೆಟ್ಟಿಲನ್ನು ಫೋಟೋ ನೋಡಿಯೇ ಹತ್ತಬಹುದು. ಆದರೆ ಕೆಳಗಿನವುಗಳ ಜೊತೆ ಗೊಂದಲವಾಗದಂತೆ ನೋಡಿಕೊಳ್ಳಬೇಕು.

1. ಬಾಲದಲ್ಲಿ ಇಕ್ಕಳವಿರುವ ಹುಳು. ಇದಕ್ಕೂ ಚಿಪ್ಪು ಗಿಡ್ಡ. ಆದರೆ ಹಿಂತುದಿಯಲ್ಲಿ ಗಟ್ಟಿಯಾದ ಇಕ್ಕಳ ಎದ್ದು ಕಾಣುತ್ತದೆ. ಗಿಡ್ಡರೆಕ್ಕೆ ದುಂಬಿಗೆ ಇಕ್ಕಳವಿಲ್ಲ.

2. ಕೊಳೆತ ಹಣ್ಣಿಗೆ ಬರುವ ದುಂಬಿ. ಹಲಸು, ಬಾಳೆ ಕೊಳೆತಲ್ಲಿ ಮುತ್ತುವ ಕಾರ್ಪೊಫಿಲಸ್ ಕುಲದ ಸಣ್ಣ ದುಂಬಿಗಳಿಗೂ ಚಿಪ್ಪು ಗಿಡ್ಡವೇ. ಆದರೆ ಮೈ ಅಗಲ, ಹೊಟ್ಟೆಯ ಎರಡು ಮೂರು ಉಂಗುರಗಳಷ್ಟೇ ಹೊರಗೆ ಕಾಣುತ್ತವೆ. ಮೀಸೆಯ ತುದಿಯಲ್ಲಿ ಗುಂಡಗಿನ ಗುಬಟಿ ಇರುತ್ತದೆ.

3. ಗದ್ದೆಯ ಓಫಿಯೋನಿಯಾ. ತೋಟದ ಕೆಳಗೆ ಭತ್ತದ ಗದ್ದೆ ಇರುವವರು ಇದನ್ನು ಕಂಡಿರಬಹುದು. ಕೆಂಪು ಮತ್ತು ಕಪ್ಪುನೀಲಿ ಬಣ್ಣದ ತೆಳ್ಳನೆಯ ದುಂಬಿ. ದೂರದಿಂದ ನೋಡಿದರೆ ಮುಂದೆ ಹೇಳಲಿರುವ ಪೀಡೆರಸ್ ಎಂದೇ ತೋರುತ್ತದೆ. ಇದರ ಚಿಪ್ಪು ಹೊಟ್ಟೆಯ ಬಹುಭಾಗವನ್ನು ಮುಚ್ಚಿರುತ್ತದೆ ಎಂಬುದೇ ವ್ಯತ್ಯಾಸ. ಇದೂ ಗದ್ದೆಯಲ್ಲಿ ಜಿಗಿಹುಳು, ಎಲೆ ಸುರುಳಿ ಹುಳುಗಳನ್ನು ತಿನ್ನುವ ಉಪಕಾರಿ.

4. ಕಾಫಿ ಕಾಯಿಕೊರಕ. ಈ ಬೆರ್ರಿ ಬೋರರ್ ನಮ್ಮ ದೇಶದಲ್ಲಿ ಮೊದಲು ಕಂಡುಬಂದದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಅಂದಿನಿಂದ ಕಾಫಿ ತೋಟದಲ್ಲಿ ಯಾವುದೇ ಸಣ್ಣ ಕಪ್ಪು ಹುಳು ಕಂಡರೂ ಬೆಳೆಗಾರನ ಎದೆ ಹಾರುವಂತಾಗಿದೆ. ಕಾಯಿಕೊರಕ ಎರಡು ಮಿ.ಮೀ.ಗಿಂತ ಚಿಕ್ಕದು, ಮೋಟು ಮೊಳೆಯಂತೆ ಉರುಟಾಗಿರುತ್ತದೆ. ಮೇಲಿನಿಂದ ನೋಡಿದರೆ ತಲೆ ಎದೆಚಿಪ್ಪಿನ ಅಡಿಯಲ್ಲಿ ಅಡಗಿರುತ್ತದೆ. ರೆಕ್ಕೆಚಿಪ್ಪು ಹೊಟ್ಟೆಯನ್ನು ಪೂರ್ತಿ ಮುಚ್ಚಿರುತ್ತದೆ. ಗಿಡ್ಡರೆಕ್ಕೆ ದುಂಬಿಯಲ್ಲಿ ತಲೆ ಸ್ಪಷ್ಟವಾಗಿ ಮುಂದೆ ಚಾಚಿರುತ್ತದೆ, ಹೊಟ್ಟೆ ಹೊರಗೆ ಕಾಣುತ್ತದೆ. ಹೀಗಾಗಿ ಕಾಯಿಕೊರಕದ ಬಲೆಯಲ್ಲಿ ಬಿದ್ದವುಗಳನ್ನು ಎಣಿಸುವಾಗ ಸಣ್ಣದೂ ಕಪ್ಪಗೂ ಇರುವುದನ್ನೆಲ್ಲ ಕೊರಕವೆಂದು ಲೆಕ್ಕ ಹಾಕಬಾರದು. ಒಂದು ಭೂತಗನ್ನಡಿ ಇದ್ದರೆ ಸಾಕು, ಎರಡನ್ನೂ ಬೇರ್ಪಡಿಸಬಹುದು.

ತಪ್ಪದೆ ಗುರುತಿಸಬೇಕಾದ ಕುಲ: ಪೀಡೆರಸ್

ಗಿಡ್ಡರೆಕ್ಕೆ ದುಂಬಿಗಳಲ್ಲಿ ಪ್ರತಿ ಮನೆಯವರೂ, ಲೈನು ಮನೆಗಳಲ್ಲಿ ವಾಸಿಸುವ ಕೆಲಸಗಾರರೂ ತಿಳಿದಿರಬೇಕಾದ ಕುಲ ಇದೊಂದೇ. ಕೆಲವು ಕಡೆ ಆಸಿಡ್ ಹುಳು ಎನ್ನುವುದುಂಟು. ಉದ್ದ ಸುಮಾರು 7ರಿಂದ 10 ಮಿ.ಮೀ., ಅಕ್ಕಿಕಾಳಿಗಿಂತ ತುಸು ಹೆಚ್ಚು. ತಲೆ ಕಪ್ಪು, ಎದೆ ಕೇಸರಿ, ರೆಕ್ಕೆಚಿಪ್ಪು ಹೊಳೆಯುವ ನೀಲಿ ಅಥವಾ ಹಸಿರುನೀಲಿ, ಹೊಟ್ಟೆ ಕೇಸರಿ, ಹೊಟ್ಟೆಯ ಕೊನೆಯ ಎರಡು ಉಂಗುರ ಮತ್ತೆ ಕಪ್ಪು. ಕಪ್ಪು, ಕೇಸರಿ, ನೀಲಿ, ಕೇಸರಿ, ಕಪ್ಪು ಎಂಬ ಈ ಐದು ಪಟ್ಟೆಗಳ ಸಾಲನ್ನು ಮಕ್ಕಳಿಗೂ ಬಾಯಿಪಾಠ ಮಾಡಿಸಬಹುದು. ಸಾಧಾರಣ ಮೊಬೈಲ್ ಫೋಟೋದಲ್ಲೂ ಇದು ಚೆನ್ನಾಗಿ ಕಾಣುತ್ತದೆ.

ಈ ಹುಳು ಕಚ್ಚುವುದೂ ಇಲ್ಲ, ಕುಟುಕುವುದೂ ಇಲ್ಲ. ಮೈಮೇಲೆ ಹರಿದಾಡುವಾಗ ನಾವು ಕೈಯಿಂದ ಹೊಸಕಿದರೆ ಅದರ ಮೈರಸದಲ್ಲಿರುವ ಪೆಡೆರಿನ್ ಎಂಬ ವಿಷ ಚರ್ಮಕ್ಕೆ ತಾಗುತ್ತದೆ. ಕೂಡಲೇ ಏನೂ ತಿಳಿಯುವುದಿಲ್ಲ. ಒಂದೆರಡು ದಿನದೊಳಗೆ ಗೀರು ಎಳೆದಂತೆ ಕೆಂಪಾಗಿ, ಉರಿದು, ಬೊಬ್ಬೆ ಏಳುತ್ತದೆ. ಮೊಣಕೈ, ಕುತ್ತಿಗೆ ಮುಂತಾದ ಮಡಿಕೆಗಳಲ್ಲಿ ಒಂದು ಬದಿಯ ಗಾಯ ಎದುರು ಬದಿಗೂ ಅಚ್ಚೊತ್ತುತ್ತದೆ. ರಾತ್ರಿ ಮಲಗಿದಾಗ ತಾಗಿ ಮಾರನೆಯ ದಿನ ಕಾಣಿಸುವುದರಿಂದ ಕಾರಣ ಹೊಳೆಯದೆ ಇದನ್ನು ಸರ್ಪಸುತ್ತು ಎಂದು ಭಾವಿಸುವುದುಂಟು. ವೈದ್ಯರ ಬಳಿ ಹೋಗುವಾಗ ದೀಪದ ಬಳಿ ಸಿಕ್ಕ ಹುಳುವಿನ ಫೋಟೋ ತೋರಿಸಿದರೆ ಅವರಿಗೂ ರೋಗನಿರ್ಣಯಕ್ಕೆ ಅನುಕೂಲವಾಗುತ್ತದೆ. ಇಲ್ಲಿ ಕುಲ ತಿಳಿದರೆ ಸಾಕು, ಪ್ರಭೇದದ ಹೆಸರು ಬೇಕಿಲ್ಲ.

ಈ ವಿಷವನ್ನು ದುಂಬಿಯೇ ತಯಾರಿಸುವುದಲ್ಲ. ಹೆಣ್ಣು ದುಂಬಿಯ ಮೈಯಲ್ಲಿ ಬಾಳುವ ಬ್ಯಾಕ್ಟೀರಿಯಾ ತಯಾರಿಸುತ್ತದೆ ಎಂಬುದನ್ನು ಜರ್ಮನಿಯ ಯೋರ್ನ್ ಪೀಲ್ 2002ರಲ್ಲಿ ತೋರಿಸಿದರು. ಹುಳು ಸತ್ತು ಒಣಗಿದರೂ ವಿಷ ಉಳಿದಿರುತ್ತದೆ. ಆದುದರಿಂದ ಮಾದರಿಗೆಂದು ಇಟ್ಟ ಒಣ ಹುಳುವನ್ನೂ ಬರಿಗೈಯಲ್ಲಿ ಮುಟ್ಟಬಾರದು.

ಮುಂಜಾಗ್ರತೆ ಹೀಗಿರಲಿ. ಮೈಮೇಲೆ ಕಂಡರೆ ಊದಿ ಹಾರಿಸಿ, ಇಲ್ಲವೆ ಕಾಗದದ ಚೂರಿನ ಮೇಲೆ ಹತ್ತಿಸಿ ಕೊಡವಿಬಿಡಿ. ಹೊಸಕಿಹೋದರೆ ಆ ಜಾಗವನ್ನು ಕೂಡಲೇ ಸಾಬೂನು ಹಚ್ಚಿ ಧಾರಾಳ ನೀರಿನಲ್ಲಿ ತೊಳೆಯಿರಿ, ಬಟ್ಟೆಯನ್ನೂ ಒಗೆಯಿರಿ. ಆ ಕೈಯಿಂದ ಕಣ್ಣು ಉಜ್ಜಬಾರದು. ಕಣ್ಣಿಗೆ ತಾಗಿದರೆ ಶುದ್ಧ ನೀರಿನಿಂದ ತೊಳೆದು ತಡಮಾಡದೆ ವೈದ್ಯರನ್ನು ಕಾಣಬೇಕು. ಮಳೆಗಾಲದಲ್ಲಿ ಮಲಗುವ ಜಾಗದ ನೇರ ಮೇಲೆ ದೀಪ ಉರಿಸದಿರುವುದು, ಕಿಟಕಿಗೆ ಸಣ್ಣ ಕಣ್ಣಿನ ಬಲೆ ಹಾಕಿಸುವುದು, ಸೊಳ್ಳೆಪರದೆ ಕಟ್ಟುವುದು, ಹೊರಗೆ ಬಿಳಿ ದೀಪದ ಬದಲು ಹಳದಿ ದೀಪ ಹಾಕುವುದು ಲೈನು ಮನೆಗಳಿಗೆ ಕಡಿಮೆ ಖರ್ಚಿನ ಉಪಾಯಗಳು.

2022ರ ಜುಲೈನಲ್ಲಿ ಸಿಕ್ಕಿಂನ ಒಂದು ಕಾಲೇಜಿನಲ್ಲಿ ನೂರರಷ್ಟು ವಿದ್ಯಾರ್ಥಿಗಳಿಗೆ ಈ ಕುಲದ ಹುಳುವಿನಿಂದ ಬೊಬ್ಬೆ ಎದ್ದಾಗ ಪತ್ರಿಕೆಗಳು ನೈರೋಬಿ ನೊಣ ಎಂದು ಬರೆದವು. ಇದು ನೊಣವಲ್ಲ, ದುಂಬಿ. ಪೂರ್ವ ಆಫ್ರಿಕದಲ್ಲಿ ಆ ಹೆಸರಿನಿಂದ ಕರೆಯುವುದು ಪೀಡೆರಸ್ ಎಕ್ಸಿಮಿಯಸ್, ಪೀಡೆರಸ್ ಸಬೇಯಸ್ ಎಂಬ ಪ್ರಭೇದಗಳನ್ನು. ಯುರೋಪಿನಿಂದ ಏಷ್ಯದವರೆಗೆ ಹರಡಿರುವ, ಭಾರತದಲ್ಲೂ ಇರುವ ಪ್ರಭೇದಕ್ಕೆ ಪೀಡೆರಸ್ ಫ್ಯೂಸಿಪೀಸ್ ಎಂದು ಹೆಸರು. ನಮ್ಮಲ್ಲಿ ಇನ್ನೂ ಕೆಲವು ಪ್ರಭೇದಗಳುಂಟು. ಇವೆಲ್ಲಕ್ಕೂ ಬಣ್ಣ ಹೆಚ್ಚುಕಡಿಮೆ ಒಂದೇ. ಫೋಟೋ ನೋಡಿ ಪೀಡೆರಸ್ ಎಂದು ಧೈರ್ಯವಾಗಿ ಹೇಳಬಹುದು, ಅದಕ್ಕೆ ಮುಂದಿನ ಹೆಸರು ಸೇರಿಸಲು ಹುಳುವನ್ನೇ ನೋಡಬೇಕು.

ಇದೇ ಪೀಡೆರಸ್ ಗದ್ದೆಯಲ್ಲಿ ಜಿಗಿಹುಳು ಮುಂತಾದವನ್ನು ತಿಂದು ಬೆಳೆ ಕಾಯುತ್ತದೆ. ಮನೆಯೊಳಗೆ ಬರದಂತೆ ನೋಡಿಕೊಂಡರೆ ಸಾಕು, ಹೊಲಗದ್ದೆಗೆ ವಿಷ ಹೊಡೆದು ನಿರ್ಮೂಲ ಮಾಡಬೇಕಾದ ಹುಳು ಇದಲ್ಲ.

ತೋಟದಲ್ಲಿ ಸಿಗುವ ಇತರ ಗುಂಪುಗಳು

ಸ್ಟೀನಸ್: ಬಸಿಗಾಲುವೆ, ಹಳ್ಳದ ದಡದಲ್ಲಿ ಸಿಗುತ್ತದೆ. ತಲೆಯ ಬದಿಯನ್ನೆಲ್ಲ ಆವರಿಸುವ ದೊಡ್ಡ ಕಣ್ಣುಗಳೇ ಇದರ ಗುರುತು. ಒದ್ದೆ ನೆಲದ ಮೇಲೆ ಚಿಮ್ಮುವ ಸೂಕ್ಷ್ಮ ಜೀವಿಗಳನ್ನು ಕೆಳತುಟಿಯನ್ನು ಫಕ್ಕನೆ ಚಾಚಿ ಹಿಡಿಯುತ್ತದೆ. ನೀರಿಗೆ ಬಿದ್ದರೆ ಹಿಂತುದಿಯಿಂದ ಒಂದು ದ್ರವ ಬಿಟ್ಟು ನೀರ ಮೇಲೆ ಜಾರಿಕೊಂಡು ದಡ ಸೇರುತ್ತದೆ. ಚೆನ್ನಾಗಿ ತೆಗೆದ ಫೋಟೋದಿಂದ ಕುಲ ಹೇಳಬಹುದು. ಆದರೆ ಈ ಒಂದೇ ಕುಲದಲ್ಲಿ 3,000ಕ್ಕೂ ಹೆಚ್ಚು ಪ್ರಭೇದಗಳಿವೆ.

ಆಕ್ಸಿಟೆಲಸ್ ಬಳಗ: ಸಗಣಿ, ಹಸಿ ಗೊಬ್ಬರದಲ್ಲಿ ಹೇರಳ. ಚಪ್ಪಟೆ ಮೈ. ಎದೆಚಿಪ್ಪಿನ ಮೇಲೆ ಉದ್ದುದ್ದವಾಗಿ ಗೀರುಗಳು ಕೊರೆದಂತಿರುತ್ತವೆ. ಒಂದೇ ಪ್ರಭೇದದ ಗಂಡುಗಳಲ್ಲಿ ದೊಡ್ಡ ತಲೆಯವು, ಸಣ್ಣ ತಲೆಯವು ಎಂದು ವ್ಯತ್ಯಾಸವಿರುವುದರಿಂದ ಎರಡು ಬೇರೆ ಹುಳುಗಳೆಂಬ ಭ್ರಮೆಯಾಗುತ್ತದೆ.

ಫಿಲಾಂತಸ್ ಬಳಗ: ಗೊಬ್ಬರದ ಗುಂಡಿಯಲ್ಲಿ ನೊಣದ ಮರಿಗಳನ್ನು ಬೇಟೆಯಾಡುವ, ಹೊಳೆಯುವ ಕಪ್ಪು ದುಂಬಿಗಳು. ಎದೆಚಿಪ್ಪಿನ ನಡುವೆ ಎರಡು ಸಾಲು ಸಣ್ಣ ಗುಳಿಗಳಿರುತ್ತವೆ. ಒಂದು ಸಾಲಿನಲ್ಲಿ ಮೂರೋ ನಾಲ್ಕೋ ಐದೋ ಎಂದು ಎಣಿಸುವುದು ಇವುಗಳ ಗುರುತಿಗೆ ಮುಖ್ಯ. ಫೋಟೋದಲ್ಲಿ ಫ್ಲಾಶ್ ಬೆಳಕು ಬಿದ್ದು ಬಿಳಿ ಮಚ್ಚೆಯಾಗುವುದು ಸರಿಯಾಗಿ ಅದೇ ಜಾಗದಲ್ಲಿ.

ಅಲಿಯೋಕ್ಯಾರಾ ಬಳಗ: ಇವು ಎಲ್ಲಕ್ಕಿಂತ ಕಠಿಣ. ಹೆಚ್ಚಿನವು 2ರಿಂದ 4 ಮಿ.ಮೀ., ಕಂದು ಇಲ್ಲವೆ ಕಪ್ಪು, ಒಂದರಂತೆ ಇನ್ನೊಂದು. ಮೀಸೆ ಹುಟ್ಟುವುದು ತಲೆಯ ಮುಂದಿನ ಅಂಚಿನಲ್ಲಲ್ಲ, ಕಣ್ಣುಗಳ ನಡುವೆ, ತಲೆಯ ಮೇಲ್ಭಾಗದಲ್ಲಿ. ಮೇಲಿನಿಂದ ತೆಗೆದ ಸ್ಪಷ್ಟ ಫೋಟೋದಲ್ಲಿ ಇದು ಕಾಣುತ್ತದೆ. ಅಲ್ಲಿಂದ ಮುಂದೆ ಫೋಟೋದ ಆಟ ಸಾಗದು. ಅಲಿಯೋಕ್ಯಾರಾ ಕುಲದ ಮರಿಗಳು ನೊಣದ ಕೋಶದೊಳಗೆ ಹೊಕ್ಕು ಅದನ್ನು ತಿಂದು ಬೆಳೆಯುತ್ತವೆ. ಸಗಣಿ ಗುಂಡಿಯಲ್ಲಿ ನೊಣ ಹತೋಟಿಗೆ ಬರಲು ಇವೂ ಒಂದು ಕಾರಣ.

ಆಲಿಗೋಟಾ: ಅಲಿಯೋಕ್ಯಾರಾ ಬಳಗಕ್ಕೇ ಸೇರಿದ, ಒಂದು ಮಿ.ಮೀ. ಆಸುಪಾಸಿನ ಕಪ್ಪು ಚುಕ್ಕೆ. ಎಲೆಯ ಮೇಲೆ ಕೆಂಪು ಜೇಡನುಸಿ ಇರುವಲ್ಲಿ ಸಿಗುತ್ತದೆ. ದಕ್ಷಿಣ ಭಾರತದ ಚಹಾ ತೋಟಗಳಲ್ಲಿ ಈ ಕುಲದ ದುಂಬಿ ಕೆಂಪು ನುಸಿಯನ್ನು ತಿನ್ನುವುದನ್ನು ಸಂಶೋಧಕರು ಅಭ್ಯಾಸ ಮಾಡಿದ್ದಾರೆ. ಕಾಫಿಗೂ ಬರುವ ನುಸಿ ಅದು. ನುಸಿಯಿದ್ದ ಎಲೆಯಲ್ಲಿ ಇಂಥ ಚುಕ್ಕೆಗಳು ಓಡಾಡುತ್ತಿದ್ದರೆ ಮದ್ದು ಹೊಡೆಯುವ ಮೊದಲು ಭೂತಗನ್ನಡಿಯಲ್ಲಿ ನೋಡುವುದು ಲಾಭದ ಕೆಲಸ.

ಫೋಟೋ ಎಲ್ಲಿಗೆ ನಿಲ್ಲುತ್ತದೆ?

ಒಂದು ಲೆಕ್ಕ ಹಾಕಿ ನೋಡೋಣ. ಮೊಬೈಲ್ ಫೋಟೋದ ಅಗಲ 4,000 ಚುಕ್ಕೆ ಎಂದಿಟ್ಟುಕೊಳ್ಳಿ. ಆ ಫೋಟೋದಲ್ಲಿ 80 ಮಿ.ಮೀ. ಅಗಲದ ಜಾಗ ಬಂದಿದ್ದರೆ ಒಂದು ಮಿ.ಮೀ.ಗೆ 50 ಚುಕ್ಕೆಗಳಾದವು. ಎರಡು ಮಿ.ಮೀ. ಉದ್ದದ ಹುಳುವಿಗೆ ಸಿಕ್ಕಿದ್ದು 100 ಚುಕ್ಕೆ. ಅದರ ಪಾದದ ಒಂದು ಗೆಣ್ಣು ಮಿ.ಮೀ.ಯ ಇಪ್ಪತ್ತನೆಯ ಒಂದು ಭಾಗವಿದ್ದರೆ ಅದಕ್ಕೆ ಎರಡೋ ಮೂರೋ ಚುಕ್ಕೆ. ಅಲಿಯೋಕ್ಯಾರಾ ಬಳಗದಲ್ಲಿ ಮುಂದಿನ, ನಡುವಿನ, ಹಿಂದಿನ ಪಾದಗಳಲ್ಲಿ ಗೆಣ್ಣುಗಳು 5-5-5 ಇವೆಯೋ, 4-5-5 ಇವೆಯೋ, 4-4-5 ಇವೆಯೋ ಎಂಬುದರ ಮೇಲೆ ಗುಂಪು ಬೇರ್ಪಡಿಸಬೇಕು. ಎರಡು ಚುಕ್ಕೆಯಲ್ಲಿ ಗೆಣ್ಣು ಎಣಿಸುವುದು ಯಾರಿಂದಲೂ ಆಗದು. ಫೋಟೋವನ್ನು ಎಷ್ಟು ಹಿಗ್ಗಿಸಿದರೂ ಇಲ್ಲದ ವಿವರ ಬರುವುದಿಲ್ಲ.

ಎರಡನೆಯ ಕಾರಣ, ಹೊರರೂಪದಲ್ಲಿ ಒಂದೇ ತೆರನಾದ ಪ್ರಭೇದಗಳನ್ನು ಬೇರ್ಪಡಿಸುವ ಗುರುತು ಹೆಚ್ಚಾಗಿ ಗಂಡಿನ ಜನನಾಂಗದಲ್ಲಿರುತ್ತದೆ. ಹೊಟ್ಟೆಯ ತುದಿಯನ್ನು ಬಿಡಿಸಿ, ಅಂಗವನ್ನು ಹೊರತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಬರೇ ಹೆಣ್ಣು ಹುಳು ಸಿಕ್ಕಿದರೆ ತಜ್ಞರೂ ಕುಲದ ಹೆಸರು ಹೇಳಿ ಸುಮ್ಮನಾಗುವುದು ಇದೇ ಕಾರಣಕ್ಕೆ.

ಮೂರನೆಯದು, ಬಣ್ಣ ಮತ್ತು ಉದ್ದ ಎರಡೂ ನೆಚ್ಚಿಕೆಯವಲ್ಲ. ಕೋಶದಿಂದ ಆಗತಾನೆ ಹೊರಬಂದ ಕಪ್ಪು ದುಂಬಿ ಕೆಲಕಾಲ ಕಂದಾಗಿಯೇ ಇರುತ್ತದೆ. ಹೊಟ್ಟೆಯ ಉಂಗುರಗಳು ಒಂದರೊಳಗೊಂದು ಸರಿಯುವುದರಿಂದ ಒಂದೇ ಹುಳು ಸ್ಪಿರಿಟಿನಲ್ಲಿ ಉದ್ದವಾಗಿಯೂ ಒಣಗಿದಾಗ ಗಿಡ್ಡವಾಗಿಯೂ ಕಾಣುತ್ತದೆ. ಆದುದರಿಂದ ಬಲ್ಲವರು ತಲೆಯಿಂದ ರೆಕ್ಕೆಚಿಪ್ಪಿನ ತುದಿಯವರೆಗಿನ ಅಳತೆಯನ್ನು ಬೇರೆಯಾಗಿ ಕೊಡುತ್ತಾರೆ.

ಫೋಟೋ ತೋರಿಸಿದರೆ ಹೆಸರು ಹೇಳುವ ಮೊಬೈಲ್ ಆ್ಯಪ್‌ಗಳೂ ಬಂದಿವೆ. ಅವು ತಮ್ಮಲ್ಲಿರುವ ಚಿತ್ರಗಳ ಜೊತೆ ಹೋಲಿಸಿ ಹೇಳುತ್ತವೆ. ಚಿತ್ರವೇ ಇಲ್ಲದ ಪ್ರಭೇದಕ್ಕೆ ಹತ್ತಿರದ ಬೇರೆ ಹೆಸರು ಕೊಡುತ್ತವೆ. ಕುಟುಂಬದ ಮಟ್ಟಿಗೆ ಅವುಗಳ ಮಾತನ್ನು ಸುಳಿವೆಂದು ತೆಗೆದುಕೊಳ್ಳಬಹುದು, ಪ್ರಭೇದದ ಹೆಸರನ್ನು ನಂಬಿ ಮದ್ದು ಕೊಳ್ಳಬಾರದು. ಭಾರತದ ಗಿಡ್ಡರೆಕ್ಕೆ ದುಂಬಿಗಳ ಬಗ್ಗೆ ಮಾಲ್ಕಮ್ ಕ್ಯಾಮರಾನ್ ಎಂಬ ವಿದ್ವಾಂಸರು 1930ರಿಂದ 1939ರವರೆಗೆ ನಾಲ್ಕು ಸಂಪುಟಗಳನ್ನು ಬರೆದರು. ಇಂದಿಗೂ ತಜ್ಞರು ಅದನ್ನು ತೆರೆಯಬೇಕಾಗುತ್ತದೆ. ಅದರಲ್ಲಿರುವ ವಿವರಣೆಗಳೆಲ್ಲ ಹುಳುವನ್ನು ಕೈಯಲ್ಲಿಟ್ಟುಕೊಂಡು ನೋಡುವವನಿಗಾಗಿ ಬರೆದವು.

ಫೋಟೋ ತೆಗೆಯುವ ಕ್ರಮ

1. ಹುಳುವನ್ನು ಸಣ್ಣ ಶೀಶೆಯಲ್ಲಿ ಹಾಕಿ ಫ್ರಿಜ್ಜಿನಲ್ಲಿ ಕೆಲವು ನಿಮಿಷ ಇಟ್ಟರೆ ಓಟ ನಿಲ್ಲಿಸುತ್ತದೆ. ಆಗ ತೆಗೆಯುವುದು ಸುಲಭ.

2. ಬಿಳಿ ಕಾಗದದ ಮೇಲೆ ಇಟ್ಟು, ಪಕ್ಕದಲ್ಲಿ ಸ್ಕೇಲಿನ ಮಿ.ಮೀ. ಗೆರೆಗಳು ಕಾಣುವಂತೆ ಮಾಡಿ. ಗ್ರಾಫ್ ಕಾಗದವಾದರೆ ಇನ್ನೂ ಒಳ್ಳೆಯದು.

3. ಫ್ಲಾಶ್ ಬೇಡ. ಕಿಟಕಿಯ ಬೆಳಕು ಉತ್ತಮ. ಬಿಸಿಲು ನೇರ ಬೀಳುವಂತಿದ್ದರೆ ನಡುವೆ ಬಟರ್ ಪೇಪರ್ ಹಿಡಿಯಿರಿ.

4. ಫೋನಿಗೆ ಸಿಕ್ಕಿಸುವ ಸಣ್ಣ ಮಸೂರ ಸಿಗುತ್ತದೆ. ಅದಿಲ್ಲದಿದ್ದರೆ ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯನ್ನು ಫೋನಿನ ಕಣ್ಣಿಗೆ ಆನಿಸಿ ಹಿಡಿಯಬಹುದು.

5. ಮೇಲಿನಿಂದ ಒಂದು, ಬದಿಯಿಂದ ಒಂದು, ತಲೆಯ ಮುಂಭಾಗದ್ದು ಒಂದು, ಮಗುಚಿ ಹೊಟ್ಟೆಯ ಅಡಿಯದು ಒಂದು, ಹೀಗೆ ಕಡಮೆಯೆಂದರೆ ನಾಲ್ಕು ಫೋಟೋ ಬೇಕು. ಹುಳು ಸಿಕ್ಕಿದ ಜಾಗದ್ದೂ ಒಂದಿರಲಿ.

6. ವಾಟ್ಸಾಪಿನಲ್ಲಿ ಸಾಮಾನ್ಯ ರೀತಿಯಲ್ಲಿ ಕಳಿಸಿದರೆ ಫೋಟೋ ಕುಗ್ಗಿ ವಿವರ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಫೋಟೋ ಹಾಗೆಯೇ ತಲಪುತ್ತದೆ.

ಹುಳುವನ್ನು ಹಿಡಿದು ಉಳಿಸುವ ಕ್ರಮ

ತರಗೆಲೆ ಇಲ್ಲವೆ ಗೊಬ್ಬರವನ್ನು ಜರಡಿಯಲ್ಲಿ ಹಾಕಿ ಬಿಳಿ ಬಟ್ಟೆಯ ಮೇಲೆ ಅಲ್ಲಾಡಿಸಿದರೆ ಓಡುವ ಹುಳುಗಳು ಕೆಳಗೆ ಬೀಳುತ್ತವೆ. ಇನ್ನೊಂದು ಉಪಾಯವೆಂದರೆ, ದೊಡ್ಡ ಆಲಿಕೆಯ ಒಳಗೆ ತಂತಿಬಲೆ ಇಟ್ಟು ಅದರ ಮೇಲೆ ತರಗೆಲೆ ತುಂಬಿ, ಮೇಲಿನಿಂದ ಬಲ್ಬು ಉರಿಸುವುದು. ಬೆಳಕಿಗೂ ಬಿಸಿಗೂ ಹೆದರಿ ಹುಳುಗಳು ಕೆಳಕ್ಕಿಳಿದು ಆಲಿಕೆಯ ತುದಿಯಲ್ಲಿ ಇಟ್ಟ ಶೀಶೆಗೆ ಬೀಳುತ್ತವೆ. ಬಲ್ಬು ಎಲೆಗೆ ತಾಗದಂತೆ ನೋಡಿಕೊಳ್ಳಬೇಕು, ಶೀಶೆಗೆ ಸ್ಪಿರಿಟಿನ ಬದಲು ಒದ್ದೆ ಹತ್ತಿ ಹಾಕಿದರೆ ಬೆಂಕಿಯ ಭಯವಿಲ್ಲ. ಪೀಡೆರಸ್ ಇರುವ ಸಂಶಯವಿದ್ದರೆ ಚಿಮಟದಿಂದಲೇ ಎತ್ತಿ.

ಹಿಡಿದ ಹುಳುವನ್ನು ಒಂದು ರಾತ್ರಿ ಫ್ರೀಜರಿನಲ್ಲಿ ಇಟ್ಟರೆ ಸಾಯುತ್ತದೆ. ನಮ್ಮ ಮಳೆಗಾಲದಲ್ಲಿ ಒಣಗಿಸಿಟ್ಟ ಹುಳುವಿಗೆ ಬೂಷ್ಟು ಹಿಡಿಯದೆ ಇರದು. ಆದ್ದರಿಂದ ಗಾಜಿನ ಸಣ್ಣ ಶೀಶೆಯಲ್ಲಿ ಸುಮಾರು ಶೇಕಡ 70ರಿಂದ 80ರ ಆಲ್ಕೋಹಾಲಿನಲ್ಲಿ ಮುಳುಗಿಸಿಡುವುದೇ ಲೇಸು. ಫಾರ್ಮಲಿನ್ ಬೇಡ, ಅದರಲ್ಲಿ ಹುಳು ಸೆಟೆದುಕೊಂಡು ಬಿಡಿಸಲು ಬರುವುದಿಲ್ಲ. ಒಂದೇ ಜಾಗದಿಂದ ಐದರಿಂದ ಹತ್ತು ಹುಳು ತೆಗೆದಿಟ್ಟರೆ ಅದರಲ್ಲಿ ಗಂಡು ಸಿಗುವ ಸಂಭವ ಹೆಚ್ಚು.

ಶೀಶೆಯೊಳಗೆ ಚೀಟಿ ಹಾಕುವುದನ್ನು ಮರೆಯಬಾರದು. ಚೀಟಿಯಿಲ್ಲದ ಹುಳುವಿಗೆ ಬೆಲೆಯಿಲ್ಲ. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗುವುದರಿಂದ ಸೀಸದ ಕಡ್ಡಿಯಿಂದ ಬರೆಯಬೇಕು. ಚೀಟಿಯಲ್ಲಿ ಇರಬೇಕಾದ್ದು ಇಷ್ಟು: ಊರು, ತಾಲ್ಲೂಕು, ಜಿಲ್ಲೆ, ತಾರೀಕು, ತಿಂಗಳು, ಇಸವಿ, ಸಿಕ್ಕಿದ ಸ್ಥಳ, ಉದಾಹರಣೆಗೆ ಅಡಿಕೆ ಸಿಪ್ಪೆಯ ರಾಶಿ, ರೊಬಸ್ಟಾ ಗಿಡದ ಬುಡದ ತರಗೆಲೆ, ವರಾಂಡದ ದೀಪ, ಹಿಡಿದವರ ಹೆಸರು, ಕೊನೆಗೆ ಒಂದು ಸಂಖ್ಯೆ. ಅದೇ ಹುಳುವಿನ ಫೋಟೋಗಳಿಗೂ ಅದೇ ಸಂಖ್ಯೆ ಕೊಡಿ. ಹೀಗೆ ಮಾಡಿದರೆ ಇಂದು ಹುಳು ನೋಡಿ ಹೆಸರು ಖಚಿತವಾದ ಮೇಲೆ ಆ ಫೋಟೋಕ್ಕೂ ಬೆಲೆ ಬರುತ್ತದೆ. ನಾಳೆ ಇನ್ನೊಬ್ಬರು ತೆಗೆದ ಫೋಟೋವನ್ನು ಅದರೊಡನೆ ಹೋಲಿಸಿ ನೋಡಬಹುದು.

ಎಲ್ಲಿಗೆ ತಲಪಿಸುವುದು, ಏನು ಉತ್ತರ ಬಂದೀತು?

ಬೆಳೆಗೆ ಹಾನಿಯಾಗುತ್ತಿರುವ ಸಂಶಯವಿದ್ದರೆ ಕಾಫಿಯವರು ಬಾಳೆಹೊನ್ನೂರಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆಯನ್ನೂ ಅಡಿಕೆಯವರು ವಿಟ್ಲದ ಸಿ.ಪಿ.ಸಿ.ಆರ್.ಐ. ಕೇಂದ್ರವನ್ನೂ ಕೇಳುವುದು ಸರಿಯಾದ ದಾರಿ. ಹುಳುವಿನ ಗುರುತಿನ ಕೆಲಸಕ್ಕೆ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಮತ್ತು ಕೃಷಿ ವಿಶ್ವವಿದ್ಯಾನಿಲಯಗಳ ಕೀಟಶಾಸ್ತ್ರ ವಿಭಾಗಗಳಿವೆ. ಮೊದಲು ಫೋಟೋ ಕಳಿಸಿ, ಹುಳು ಬೇಕೇ ಎಂದು ವಿಚಾರಿಸಿ. ಸ್ಪಿರಿಟು ಬೆಂಕಿ ಹಿಡಿಯುವ ವಸ್ತುವಾದ್ದರಿಂದ ಅದನ್ನು ಅಂಚೆಯಲ್ಲಿ ಕಳಿಸಬಾರದು. ಆ ಕಡೆ ಹೋಗುವವರ ಕೈಯಲ್ಲಿ ಕೊಟ್ಟು ಕಳಿಸುವುದು ಮೇಲು.

ಪೀಡೆರಸ್ ಪ್ರಭೇದ, ಅಥವಾ ಅಲಿಯೋಕ್ಯಾರಾ ಬಳಗ ಎಂದಷ್ಟೇ ಉತ್ತರ ಬಂದರೆ ಕೆಲಸ ಅರ್ಧಕ್ಕೆ ನಿಂತಿತೆಂದು ಬೇಸರಪಡಬೇಕಾಗಿಲ್ಲ. ನೋಡಿದಷ್ಟನ್ನು ಮಾತ್ರ ಹೇಳಿದ ಪ್ರಾಮಾಣಿಕ ಉತ್ತರ ಅದು. ಒಂದು ಮಸುಕು ಫೋಟೋ ನೋಡಿ ಎರಡು ಪದದ ಲ್ಯಾಟಿನ್ ಹೆಸರನ್ನು ತಟ್ಟನೆ ಹೇಳುವವರ ಮಾತಿಗಿಂತ ಅದು ಹೆಚ್ಚು ನಂಬಿಕೆಗೆ ಅರ್ಹ.

ಬೆಳೆಗಾರರು ನೆನಪಿಡಬೇಕಾದ ಅಂಶಗಳು

1. ಚಿಪ್ಪು ಗಿಡ್ಡ, ಹೊಟ್ಟೆ ಉದ್ದ, ಬಾಲದಲ್ಲಿ ಇಕ್ಕಳವಿಲ್ಲ, ತಲೆ ಮುಂದೆ ಚಾಚಿದೆ ಎಂದಾದರೆ ಅದು ಗಿಡ್ಡರೆಕ್ಕೆ ದುಂಬಿ ಎಂದು ತಿಳಿಯಬಹುದು.

2. ಕಪ್ಪು, ಕೇಸರಿ, ನೀಲಿ, ಕೇಸರಿ, ಕಪ್ಪು ಇದ್ದರೆ ಪೀಡೆರಸ್. ಹೊಸಕಬೇಡಿ. ಲೈನು ಮನೆಯವರಿಗೂ ಮಕ್ಕಳಿಗೂ ತಿಳಿಸಿ.

3. ಉಳಿದವುಗಳಿಗೆ ಹೆಸರು ತಿಳಿಯುವವರೆಗೂ, ತಿಳಿದ ಮೇಲೂ, ಮದ್ದು ಬೇಕಿಲ್ಲ. ಗೊಬ್ಬರದ ಗುಂಡಿಗೂ ಮರದ ಬುಡದ ಸೊಪ್ಪಿಗೂ ಸುರಿದ ವಿಷ ನೊಣ ಮತ್ತು ನುಸಿಯನ್ನು ತಿನ್ನುವವರನ್ನೇ ಮೊದಲು ಕೊಲ್ಲುತ್ತದೆ.

4. ಕುಟುಂಬಕ್ಕೂ ಕೆಲವು ಕುಲಗಳಿಗೂ ಫೋಟೋ ಸಾಕು. ಪ್ರಭೇದಕ್ಕೆ ಹುಳು ಬೇಕು, ಅದರಲ್ಲೂ ಗಂಡು ಹುಳು ಬೇಕು, ಜೊತೆಗೆ ಚೀಟಿ ಬೇಕು.

ಒಂದು ಭೂತಗನ್ನಡಿ, ನಾಲ್ಕು ಶೀಶೆ, ಸ್ವಲ್ಪ ಸ್ಪಿರಿಟು, ಒಂದು ಸೀಸದ ಕಡ್ಡಿ ಇವಿಷ್ಟಕ್ಕೆ ತಗಲುವ ಖರ್ಚು ಒಂದು ಸಲದ ಅನಾವಶ್ಯಕ ಸಿಂಪಡಣೆಯ ಕೂಲಿಗಿಂತ ಕಡಿಮೆ. ಮುಂದಿನ ಮಳೆಗಾಲಕ್ಕೆ ಮೊದಲೇ ಇವನ್ನು ಮನೆಯಲ್ಲಿ ಒದಗಿಸಿಟ್ಟುಕೊಳ್ಳುವುದು ಒಳ್ಳೆಯದು.